ಕೊಯ್ದ ಬಲೆ

ಗಂಗೊಳ್ಳಿ ಅಳಿವೆ ದಾಟಿ ಪಡುವಕ್ಕೆ ಹೋಗಿ ಅಂಜಲ್ ಮೀನಿಗೆ ಬೀಡುಬಲೆ ಬಿಡುವುದು ನಮ್ಮ ಕಸುಬು. ಹೊತ್ತು ಮುಳುಗುವಾಗ ಬಲೆ ಬಿಟ್ಟು ಅದರ ಒಂದು ತುದಿಯನ್ನು ದೋಣಿಗೆ ಕಟ್ಟುತ್ತೇವೆ. ರಾತ್ರಿಯೆಲ್ಲ ನೀರು ಎಳೆದ ಕಡೆಗೆ ಬಲೆಯೂ ದೋಣಿಯೂ ಹೋಗುತ್ತವೆ. ಆ ರಾತ್ರಿ ಭಾವ ನನ್ನನ್ನು ಅಲುಗಾಡಿಸಿ ಎಬ್ಬಿಸಿದ. "ದೋಣಿ ನೀರಿಗೆ ಎದ್ರ್ ಹೋತಾ ಇತ್ತ್ ಮಾರಾಯ!"

ಟಾರ್ಚ್ ಬಿಟ್ಟರೆ ಬೆನ್ನ ತುಂಬ ಬಿಳಿ ಚುಕ್ಕೆ. ತಿಮಿಂಗಿಲ ತಾಟೆ, ಅಂದರೆ ವೇಲ್ ಶಾರ್ಕ್. ನಮ್ಮ ದೋಣಿಗಿಂತ ಉದ್ದ ಇತ್ತು. ಅದು ಕಚ್ಚುವ ಜಾತಿಯಲ್ಲ, ಬಾಯಿ ತೆರೆದು ನೀರಿನ ಜತೆ ಸಣ್ಣ ಜೀವಿಗಳನ್ನು ಸೋಸಿಕೊಳ್ಳುತ್ತದೆ, ಅಷ್ಟೆ. ಆದರೆ ಅಷ್ಟು ಭಾರದ್ದು ಮಗುಚಿ ಮಗುಚಿ ಬಾಲಕ್ಕೂ ರೆಕ್ಕೆಗೂ ಬಲೆ ಸುತ್ತಿಕೊಂಡಿತ್ತು. ಎಳೆದ ಎಳೆತಕ್ಕೆ ದೋಣಿ ಒಂದು ಮಗ್ಗುಲಿಗೆ ವಾಲಿ ನೀರು ಒಳಗೆ ನುಗ್ಗಿತು. ಹುಡುಗನೊಬ್ಬ ನೀರು ಚೆಲ್ಲುತ್ತಲೇ ಅಳುತ್ತಿದ್ದ.

ಹಗ್ಗ ಕೊಯ್ದಿದ್ದರೆ ನಾವು ಆ ಕ್ಷಣಕ್ಕೆ ಪಾರು. ಬಲೆ ಪೂರ್ತಿ ಹೋಗುತ್ತಿತ್ತು, ಸುತ್ತಿಕೊಂಡ ಬಲೆಯಲ್ಲಿ ಅದೂ ಸಾಯುತ್ತಿತ್ತು. ಪುಣ್ಯ ಕಟ್ಟಿಕೊಳ್ಳಲು ಕತ್ತಿ ಹಿಡಿದವರು ನಾವಲ್ಲ. ಸಾಲದ ಬಲೆ, ಅರ್ಧವಾದರೂ ಉಳಿಯಲಿ ಅಂತ ಮೀನಿನ ಮಗ್ಗುಲಿಗೆ ದೋಣಿ ತಂದು ಕಣ್ಣು ಕಣ್ಣಾಗಿ ಕೊಯ್ಯತೊಡಗಿದೆವು. ಬಾಲ ಒಮ್ಮೆ ಬೀಸಿದಾಗ ಮೇಲಿನ ಹಗ್ಗ ಬಿಗಿದು ಭಾವನ ಕೈ ಅಂಚಿನ ಹಲಗೆಗೆ ಸಿಕ್ಕಿತು. ಎರಡು ಬೆರಳು ಜಜ್ಜಿಹೋದವು. ಅವನು ಕೂಗಲಿಲ್ಲ, "ನೀ ಕೊಯ್ಯಿ, ನೀ ಕೊಯ್ಯಿ" ಅಂತಲೇ ಇದ್ದ. ಮೂಡಲು ಬೆಳ್ಳಗಾಗುವಾಗ ಕೊನೆಯ ಸುತ್ತು ಬಿಟ್ಟಿತು. ಅದು ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಕೆಳಗೆ ಹೋಯಿತು. ಬಲೆಯಲ್ಲಿ ಉಳಿದದ್ದು ಕಾಲುಭಾಗವೂ ಅಲ್ಲ.

ಬಂದರಿನಲ್ಲಿ ಹಿರಿಯರೊಬ್ಬರು ಮೊದಲು ಹೇಳಿದ್ದು, "ಯಾರ ಹತ್ರವೂ ಹೇಳ್ಬೇಡಿ." 2001ರಲ್ಲಿ ಸರಕಾರ ಈ ಮೀನನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿ, ಆನೆ ಇರುವ ಪಟ್ಟಿ ಅದು. ಕೊಂದರೆ ಮೂರರಿಂದ ಏಳು ವರ್ಷ ಜೈಲು. ಹಾಗಾಗಿ ಬಲೆಯಲ್ಲಿ ತಾನಾಗಿ ಸತ್ತದ್ದು ಸಿಕ್ಕರೂ ದಡಕ್ಕೆ ತರಲು ಜನ ಹೆದರುತ್ತಾರೆ, ಕಡಲಲ್ಲೇ ಬಿಟ್ಟು ಬಾಯಿ ಮುಚ್ಚಿಕೊಳ್ಳುತ್ತಾರೆ. ಹೀಗಾದರೆ ಎಷ್ಟು ಸತ್ತವು ಅಂತ ಲೆಕ್ಕ ಇಡುವವರಿಗಾದರೂ ಹೇಗೆ ಗೊತ್ತಾಗಬೇಕು?

ನಾನು ಹೇಳಿದೆ. ಹೇಳಲು ಕಾರಣ ಇತ್ತು. ಮಲ್ಪೆಯಲ್ಲಿ ಸಿಕ್ಕ ರತ್ನಾಗಿರಿಯ ದೋಣಿಯವನೊಬ್ಬ, ಅವರ ಮಹಾರಾಷ್ಟ್ರದಲ್ಲಿ ಹೀಗೆ ಬಲೆ ಕೊಯ್ದು ಬಿಟ್ಟವರಿಗೆ 25,000 ರೂಪಾಯಿವರೆಗೆ ಪರಿಹಾರ ಉಂಟು ಅಂದಿದ್ದ. ಗುಜರಾತಿನಲ್ಲಿ ಇನ್ನೂ ಮೊದಲೇ ಶುರುವಾಗಿತ್ತಂತೆ. ವೇರಾವಳದ ಕಡೆ ಒಂದು ಕಾಲಕ್ಕೆ ಇದೇ ಮೀನನ್ನು ಬೇಟೆಯಾಡಿ ಅದರ ಎಣ್ಣೆಯನ್ನು ದೋಣಿಗೆ ಹಚ್ಚುತ್ತಿದ್ದರು. ಈಗ ಅದೇ ಜನ ನೂರಾರು ಮೀನುಗಳನ್ನು ಬಲೆ ಕೊಯ್ದು ಬಿಟ್ಟಿದ್ದಾರೆ. ಮನಸ್ಸು ಬದಲಾಗಲು ಉಪದೇಶದ ಜತೆ ಬಲೆಯ ದುಡ್ಡೂ ಬೇಕಾಯಿತು ಅಂತ ನನ್ನ ಲೆಕ್ಕ.

ಪರಿಹಾರ ಕೇಳಿ ನಾನು ಹೋದ ಕಚೇರಿಯಲ್ಲಿ ಕೂತಿದ್ದವರು ಸಭ್ಯರೇ. ಕುರ್ಚಿ ಕೊಟ್ಟರು. "ಫೋಟೊ ಉಂಟಾ? ವಿಡಿಯೊ?" ಅಂದರು. ಕತ್ತಲೆ, ಎರಡು ಕೈಯೂ ಬಲೆಯಲ್ಲಿ, ಮೊಬೈಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಬ್ಬಿಯೊಳಗೆ. ಬದುಕುತ್ತೇವೋ ಇಲ್ಲವೋ ಅನ್ನುವಾಗ ಯಾರು ವಿಡಿಯೊ ಹಿಡಿಯಬೇಕಿತ್ತು, ನೀರು ಚೆಲ್ಲುವ ಹುಡುಗನಾ?

ಕತ್ತಿಯಲ್ಲಿ ಕೊಯ್ದ ಬಲೆಯ ಕಣ್ಣೇ ಬೇರೆ, ಹರಿದದ್ದೇ ಬೇರೆ. ಬಲೆ ಹೊಲಿದು ಗೊತ್ತಿದ್ದವರು ಬೆರಳಾಡಿಸಿಯೇ ಹೇಳುತ್ತಾರೆ. ಹಾಗಾಗಿ ಮುಂದಿನ ಸಲ ಉಳಿದ ತುಂಡನ್ನು ಚೀಲದಲ್ಲಿ ಹೊತ್ತುಕೊಂಡು ಹೋದೆ, ಜತೆಗೆ ಭಾವನನ್ನೂ ಕರೆದೆ. ಅವನು ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟ. ಅವರು ಅದನ್ನೂ ಬಲೆಯನ್ನೂ ನೋಡಿ, ಇದನ್ನು ಫೈಲಿಗೆ ಸೇರಿಸಲು ಬರುವುದಿಲ್ಲ ಅಂದರು.