ತಿಂಥಣಿಗೆ ಹೊರಟವರ ಗಂಟಿನಲ್ಲಿ ಒಂದು ಮಚ್ಚು

ಯಾದಗಿರಿಯಿಂದ ಹೊರಟು, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ನೋಡಿಕೊಂಡು, ಸುರಪುರ ದಾಟಿದರೆ ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರ. ಜಾತ್ರೆಗೆ ಹೋಗಿ ಬಯಲಲ್ಲೇ ಒಲೆ ಹೂಡುವವರಾದರೆ, ಸೋದರಿಯರೇ, ಒಂದು ಮಚ್ಚು ಜೊತೆಗಿರಲಿ. ಈ ಕಡೆ ಸಿಗುವ ಜಾಲಿ ಕಟ್ಟಿಗೆ ಬಲು ಗಟ್ಟಿ. ಮಡಚುವ ಚಾಕು ಬೇಡವೇ ಬೇಡ, ಕೀಲು ಸಡಿಲಾಗಿ ಬೆರಳಿಗೇ ಬಂದೀತು! ಪೇಟೆಯ ಹೊಳಪಿಗೆ ಮರುಳಾಗದೆ, ಲಾರಿಯ ಹಳೇ ಕಮಾನುಪಟ್ಟಿಯಿಂದ ಕಂಬಾರರ ಹತ್ತಿರ ಬಡಿಸಿಕೊಳ್ಳಿರಿ. ಅಗ್ಗವೂ ಹೌದು, ಬಾಳಿಕೆಯೂ ಬರುತ್ತದೆ. ಬೆನ್ನು ದಪ್ಪಗಿರಲಿ, ಕಬ್ಬಿಣ ಹಿಡಿಯ ತುದಿಯವರೆಗೂ ಹೋಗಿರಲಿ. ಸೀಳುವಾಗ ಬೀಸಿ ಹೊಡೆಯಬೇಡಿರಿ, ಗಂಟಿಗೆ ತಾಗಿ ಜಾರಿದರೆ ಕಾಲಿಗೇ ಪೆಟ್ಟು. ಅಲಗನ್ನು ಕಟ್ಟಿಗೆಯ ತುದಿಗಿಟ್ಟು, ಅದರ ಬೆನ್ನಿಗೆ ಇನ್ನೊಂದು ಕೊರಡಿನಿಂದ ಬಡಿದರಾಯಿತು. ಗಂಡಸರು ನಕ್ಕರೆ ನಗಲಿ, ಬಿಸಿ ರೊಟ್ಟಿ ಬಂದಾಗ ಸುಮ್ಮನಾಗುತ್ತಾರೆ. ವಾಪಸು ಹೊರಡುವಾಗ ಒರೆಸಿ, ಎಣ್ಣೆ ಸವರಿ, ಗೋಣಿತಾಟಿನಲ್ಲಿ ಸುತ್ತಿ ಚೀಲದ ತಳಕ್ಕಿಡಿರಿ. ಮಕ್ಕಳ ಕೈಗೆ ಸಿಗಬಾರದು ನೋಡಿ.