ರೊಟ್ಟಿ ಬಡಿಯುವ ಕೈ

ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಹಾದು ಸಿಂಧನೂರಿಗೆ ಬರುವ ಪ್ರಯಾಣಿಕನಿಗೆ ದಾರಿಯಲ್ಲಿ ನೆಲದ ಬಣ್ಣವೇ ಬದಲಾದಂತೆ ತೋರುತ್ತದೆ. ಎರೆಹೊಲದ ಜೋಳ, ತೊಗರಿ, ಕಡಲೆಗಳು ಹಿಂದೆ ಸರಿದು, ಕಾಲುವೆಯ ನೀರಿನಲ್ಲಿ ನಿಂತ ಬತ್ತದ ಗದ್ದೆಗಳು ಎದುರಾಗುತ್ತವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದುಬಂದ ಮೇಲೆ ಸಿಂಧನೂರು ಅಕ್ಕಿಯ ಗಿರಣಿಗಳ ಊರಾಯಿತು. ಆದರೆ ಹೊಲ ಬದಲಾದಷ್ಟು ಬೇಗ ಒಲೆ ಬದಲಾಗಲಿಲ್ಲ. ಬತ್ತ ಮಾರಿ ಜೋಳ ಕೊಳ್ಳುವ ಮನೆಗಳು ಅಲ್ಲಿ ಇಂದಿಗೂ ಉಂಟು.

ಅಂಥದೊಂದು ಮನೆಗೆ ಲಿಂಗಸುಗೂರಿನ ಕಡೆಯ ಹುಡುಗಿ ಸೊಸೆಯಾಗಿ ಬಂದಳೆನ್ನಿ. ಅವಳ ಪರೀಕ್ಷೆ ನಡೆಯುವುದು ಹಂಚಿನ ಮುಂದೆ. ಗೋದಿಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟುಸತ್ವವಿದೆ. ನೀರು ಬಿದ್ದೊಡನೆ ಅದು ಎಳೆಎಳೆಯಾಗಿ ಹೆಣೆದುಕೊಂಡು ಕಣಕವನ್ನು ಹಿಡಿದಿಡುತ್ತದೆ. ಜೋಳಕ್ಕೆ ಆ ಭಾಗ್ಯವಿಲ್ಲ. ಅದಕ್ಕಾಗಿಯೇ ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗಿ ಬರುತ್ತದೆ. ಮಿಕ್ಕುದನ್ನು ಅಂಗೈ ಪೂರೈಸಬೇಕು. ಮುದ್ದೆಯನ್ನು ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿ, ತಿರುಗಿಸುತ್ತ ತಿರುಗಿಸುತ್ತ ಬಡಿಯಬೇಕು. ಅಂಚು ಬಿರಿಯಬಾರದು, ನಡುವೆ ತೂತಾಗಬಾರದು. ಹಂಚಿಗೆ ಹಾಕಿದ ಮೇಲೆ ಒದ್ದೆಬಟ್ಟೆಯಿಂದ ನೀರು ಸವರಿ, ಅದು ಆರುವ ಹೊತ್ತಿಗೆ ತಿರುವಿದರೆ ರೊಟ್ಟಿ ಉಬ್ಬಿ ನಿಲ್ಲುತ್ತದೆ. ಹಿಟ್ಟು ಹಳತಾಗಿದ್ದರೆ ಜಿಗಿ ಕಡಿಮೆ. ಆಗ ಎಸರಿನ ಲೆಕ್ಕವೇ ಬೇರೆ.

“ನೀರು ಎಷ್ಟು ಹಾಕ್ಲಿ ಅತ್ತಿ?” ಎಂದು ಸೊಸೆ ಕೇಳಿದರೆ, “ಹಿಟ್ಟು ಹೇಳ್ತದವ್ವ” ಎಂಬುದೇ ಉತ್ತರ. ಇದಕ್ಕಿಂತ ನಿಖರವಾದ ಪಾಠ ಯಾವ ಪಾಕಪುಸ್ತಕದಲ್ಲೂ ಇರಲಾರದು. ಮಸ್ಕಿಯ ಬಂಡೆ ಅಶೋಕನ ಹೆಸರನ್ನು ಕಾಪಾಡಿಕೊಂಡು, 1915ರಲ್ಲಿ ಒಬ್ಬನ ಕಣ್ಣಿಗೆ ಬೀಳುವವರೆಗೆ ಸುಮ್ಮನೆ ಕಾದಿತ್ತು. ರೊಟ್ಟಿಯ ವಿದ್ಯೆಗೆ ಹಾಗೆ ಕಾಯುವ ಶಕ್ತಿಯಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ಸರದಿ. ರೊಟ್ಟಿಗೆ ಹೀಗೆ ಕಾಳು ಹಚ್ಚುವ ರುಚಿ ನಮ್ಮವರದು ಮಾತ್ರವಲ್ಲ. ಪೋಲೆಂಡಿನ ಬಿಯಾಲಿಸ್ಟಾಕ್ ನಗರದ ಯೆಹೂದ್ಯರು ಹುದುಗು ಬಂದ ಗೋದಿಹಿಟ್ಟಿನ ಉಂಡೆಯ ನಡುವೆ ಗುಳಿ ಒತ್ತಿ, ಅದರಲ್ಲಿ ಈರುಳ್ಳಿ, ಗಸಗಸೆ ತುಂಬಿ ಸುಡುತ್ತಿದ್ದರು. 1941ರಲ್ಲಿ ನಾಜಿ ಸೈನ್ಯ ಆ ನಗರವನ್ನು ಹಿಡಿಯಿತು; 1943ರ ಹೊತ್ತಿಗೆ ಅಲ್ಲಿಯ ಯೆಹೂದ್ಯರ ಬಾಳು ನಾಶವಾಯಿತು. ಮೊದಲೇ ವಲಸೆ ಹೋಗಿದ್ದವರ ಕೈಯಿಂದ ‘ಬಿಯಾಲಿ’ ನ್ಯೂಯಾರ್ಕಿನಲ್ಲಿ ಉಳಿಯಿತು. ಮಿಮಿ ಶೆರಾಟನ್ ಎಂಬ ಅಮೆರಿಕದ ಲೇಖಕಿ ಅದನ್ನು ಹುಡುಕಿಕೊಂಡು ಮೂಲ ಊರಿಗೆ ಹೋದಾಗ ಅಲ್ಲಿ ಅದು ಕಾಣೆಯಾಗಿತ್ತು. ಆ ಹುಡುಕಾಟದ ಕಥೆಯನ್ನು ಆಕೆ 2000ರಲ್ಲಿ ಪುಸ್ತಕವಾಗಿಸಿದಳು.

ಸಿಂಧನೂರಿಗೆ ಅಂಥ ಕೇಡು ಬಂದಿಲ್ಲ. ಬಂದುದು ನೀರು, ಅಕ್ಕಿ, ಕೈಯಲ್ಲಿ ನಾಲ್ಕು ಕಾಸು. ಆದರೂ ಸುಖದಲ್ಲಿಯೂ ಕೈ ಮರೆಯುತ್ತದೆ. ಖಡಕ್ ರೊಟ್ಟಿಯ ಕಟ್ಟು ಅಂಗಡಿಯಲ್ಲಿ ಸಿಕ್ಕುತ್ತದೆ, ರೊಟ್ಟಿ ಒತ್ತುವ ಯಂತ್ರವೂ ಬಂದಿದೆ. ಇದನ್ನು ಹಳಿಯುವುದು ಸುಲಭ. ಆದರೆ ನಸುಕಿನಲ್ಲೆದ್ದು ಹೊಗೆಯ ಮುಂದೆ ಕುಳಿತು ಮನೆಮಂದಿಗೆಲ್ಲ ಬಡಿದ ಹೆಂಗಸಿನ ತೋಳನ್ನು ಕೇಳಿ ಹಳಿಯಬೇಕು. ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯನ್ನು ಹೊಗಳುವವರು ಸಾಮಾನ್ಯವಾಗಿ ಉಣ್ಣಲು ಕುಳಿತ ಗಂಡಸರು.

ಮದುವೆಮನೆಗಳಿಗೆ ನೂರರ ಲೆಕ್ಕದಲ್ಲಿ ರೊಟ್ಟಿ ಮಾಡಿಕೊಡುವ ತಾಯಂದಿರೂ ಇದ್ದಾರೆ. ಆ ದುಡ್ಡಿನಿಂದ ಮಗಳು ಕಾಲೇಜಿಗೆ ಹೋಗುತ್ತಾಳೆ. ಹಂಚಿನ ಬಳಿಗೆ ಬರುವುದಿಲ್ಲ. ಬರಬೇಕೆಂದು ತಾಯಿಯೂ ಬಯಸುವುದಿಲ್ಲ, ಅದು ನ್ಯಾಯವೇ. ಹಾಗಾದರೆ ಮಗನನ್ನೇಕೆ ಕರೆಯಬಾರದು? ಕೆಲವು ಮನೆಗಳಲ್ಲಿ ಕರೆದದ್ದೂ ಉಂಟು. ಅವನು ಬಡಿದ ಮೊದಲ ರೊಟ್ಟಿ ಅಂಚು ಹರಿದು ಹಂಚಿನ ಮೇಲೆ ಮೂರು ತುಂಡಾದಾಗ, ಅಜ್ಜಿ ನಕ್ಕು, ಇನ್ನೊಂದು ಮುದ್ದೆಯನ್ನು ಅವನ ಮುಂದೆ ಸರಿಸುತ್ತಾಳೆ.