ಜಿಡ್ಡಿನ ತೊಟ್ಟಿ

ಉಂಡೆದ್ದ ಮೇಲೆ ಎಲೆಯನ್ನು ಎಲ್ಲಿ ಹಾಕಬೇಕೆಂಬುದನ್ನು ಬಲ್ಲ ಗೃಹಸ್ಥರು, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುವುದೆಂದು ವಿಚಾರಿಸುವುದು ಅಪೂರ್ವ. ಬಚ್ಚಲ ಮೋರಿ ದಾಟಿದುದು ತಮ್ಮದಲ್ಲವೆಂಬ ಭಾವನೆ ಎಲ್ಲರಲ್ಲಿಯೂ ನೆಲೆಗೊಂಡಿದೆ. ಒಂದು ಮನೆಯ ಜಿಡ್ಡು ಅಲ್ಪವೇ ಸರಿ. ಬೆಂಗಳೂರಿನ ಬೀದಿಗಳಲ್ಲಿ ಸಾಲುಸಾಲಾಗಿರುವ ಉಪಾಹಾರಗೃಹಗಳ ವಿಚಾರ ಬೇರೆ. ದೋಸೆಯ ಕಾವಲಿ, ವಡೆಯ ಬಾಣಲೆ, ಸಾಗುವಿನ ಕೊಳಗ ಮೊದಲಾದುವನ್ನು ತೊಳೆದ ಬಿಸಿನೀರಿನಲ್ಲಿ ಕರಗಿಹೋದಂತೆ ಕಾಣುವ ಎಣ್ಣೆತುಪ್ಪಗಳು, ನೆಲದೊಳಗಿನ ಕೊಳವೆಯಲ್ಲಿ ತಣ್ಣಗಾದೊಡನೆ ಮತ್ತೆ ಹೆಪ್ಪುಗಟ್ಟುವುವು. ಅಲ್ಲಿಯ ಸುಣ್ಣದ ಅಂಶದೊಡನೆ ಕೂಡಿ ಗಟ್ಟಿ ಸಾಬೂನಿನಂತಾಗುವುವು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಪ್ರದೇಶದ ಹಳೆಯ ಒಳಚರಂಡಿಯಲ್ಲಿ ಇಂತಹ ಗಡ್ಡೆಯೊಂದು ಸಿಕ್ಕಿತು. ಉದ್ದ 250 ಮೀಟರು, ತೂಕ 130 ಟನ್ನೆಂದು ಅಂದಾಜು. ಒಡೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ಮರುವರ್ಷ ಅದರ ತುಣುಕನ್ನು ಆ ನಗರದ ವಸ್ತುಸಂಗ್ರಹಾಲಯದಲ್ಲಿ ಜನರಿಗೆ ತೋರಿಸಿದರು. ಇಂಗ್ಲಿಷರು ಯಾವುದನ್ನು ಬೇಕಾದರೂ ಪ್ರದರ್ಶನಕ್ಕಿಡಬಲ್ಲರು.

ಇದನ್ನು ತಡೆಯುವ ಉಪಾಯ ಬಹು ಸರಳ. ಪಾತ್ರೆ ತೊಳೆಯುವ ಕಟ್ಟೆಗೂ ಚರಂಡಿಗೂ ನಡುವೆ ಒಂದು ತೊಟ್ಟಿ. ಒಳಗೆ ಒಂದೆರಡು ತಡೆಹಲಗೆಗಳು. ನೀರು ಅಲ್ಲಿ ವೇಗ ಕಳೆದುಕೊಂಡು ತಂಗುವಾಗ ಜಿಡ್ಡು ಮೇಲೆ ತೇಲುವುದು, ಅನ್ನದ ಅಗುಳು ಮೊದಲಾದ ಗಸಿ ತಳಕ್ಕೆ ಕೂರುವುದು, ನಡುವಣ ನೀರು ಮುಂದಕ್ಕೆ ಹರಿಯುವುದು. ಗ್ರೀಸ್ ಟ್ರ್ಯಾಪ್ ಎಂದು ಇದರ ಹೆಸರು. ಹಾಲು ಕೆನೆಗಟ್ಟುವುದನ್ನು ನೋಡಿರುವ ಯಾವ ಗೃಹಿಣಿಗೂ ಹೆಚ್ಚು ವಿವರಿಸಬೇಕಾದುದಿಲ್ಲ. ಆದರೆ ಕೆನೆಯೂ ಗಸಿಯೂ ಸೇರಿ ಆಳದ ಕಾಲುಭಾಗವನ್ನು ತುಂಬಿದರೆ ತೊಟ್ಟಿ ಇದ್ದೂ ಇಲ್ಲದಂತೆ, ಅಷ್ಟರೊಳಗಾಗಿ ಬರಿದುಮಾಡಿಸಬೇಕು.

ಕಸ ಸಾಗಿಸುವ ಗುತ್ತಿಗೆಯಲ್ಲಿ ಎರಡು ಲಾರಿಗಳನ್ನಿಟ್ಟುಕೊಂಡಿದ್ದ ನಮ್ಮ ಸೋದರಳಿಯನು ಈ ಬರಿದುಮಾಡುವ ಕೆಲಸಕ್ಕೆ ಕೈಹಾಕುವೆನೆಂದಾಗ ಮನೆಯಲ್ಲಿ ದೊಡ್ಡ ಗದ್ದಲವೇ ಆಯಿತು. “ಕಸವಾದರೆ ಹೇಗೋ ಸೈರಿಸಬಹುದು, ಇದನ್ನು ಕೇಳಿ ಹೆಣ್ಣು ಕೊಡುವವರಾರು?” ಎಂದು ಅವನ ತಾಯಿ ಕಣ್ಣೀರು ಹಾಕಿದರು. ಅವನು ಲೆಕ್ಕದ ಪುಸ್ತಕವನ್ನು ತೆರೆದನು. ಕಸದ ಗುತ್ತಿಗೆ ಟೆಂಡರು ಕರೆದಾಗಲೆಲ್ಲ ಕೈತಪ್ಪುವ ಭಯ; ಬಿಲ್ಲಿನ ಹಣ ಬರುವುದೂ ತಡ. ತೊಟ್ಟಿಯಾದರೋ ತಪ್ಪದೆ ತುಂಬುವುದು. ಮಳೆ ಬರಲಿ ಬರ ಬರಲಿ, ಜನ ದೋಸೆ ತಿನ್ನುವುದನ್ನು ಬಿಡರು. ಚಾಲಕರು, ದಾರಿಗಳ ಪರಿಚಯ, ಹೋಟೆಲಿನವರ ಸ್ನೇಹ ಮೊದಲೇ ಇವೆ; ಹೊಸದಾಗಿ ಬೇಕಾದುದು ಹೀರುಯಂತ್ರವಿರುವ ಟ್ಯಾಂಕರು.

ಲೆಕ್ಕದಲ್ಲಿ ನಮಗೆ ದೋಷ ಕಾಣಲಿಲ್ಲ. ತೊಟ್ಟಿಯ ಬಳಿ ನಿಲ್ಲುವ ಮನುಷ್ಯನು ಮಾತ್ರ ಆ ಪುಸ್ತಕದಲ್ಲೆಲ್ಲಿಯೂ ಇರಲಿಲ್ಲ. ಮುಚ್ಚಿದ ತೊಟ್ಟಿಯಲ್ಲಿ ಕೊಳೆ ಹುಳಿತಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯು ಹುಟ್ಟುವುದು. ಮೊದಲು ಕೊಳೆತ ಮೊಟ್ಟೆಯ ನಾತ. ವಾಯು ಹೆಚ್ಚಿದರೆ ಮೂಗೇ ಸೋತು ನಾತ ತಿಳಿಯದಾಗುವುದು. ನಾತ ಹೋಯಿತೆಂದು ದೊಡ್ಡ ತೊಟ್ಟಿಗೆ ಇಳಿದವನು ಮೇಲೆ ಬಾರದಿರಬಹುದು. ಅವನನ್ನು ಎತ್ತಹೋದವನ ಗತಿಯೂ ಅದೇ. 2013ರ ಕಾಯಿದೆಯು ಒಳಚರಂಡಿಗಳಿಗೂ ಮಲದ ಗುಂಡಿಗಳಿಗೂ ರಕ್ಷಣೆಯಿಲ್ಲದೆ ಮನುಷ್ಯರನ್ನಿಳಿಸುವುದನ್ನು ನಿಷೇಧಿಸಿತು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸಲ್ಲುವ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಿತು. ಸಾವುಗಳು ನಿಂತಿಲ್ಲ. ಇಳಿಯುವವನು ಯಾವ ಕೇರಿಯವನೆಂಬುದು ಮುಚ್ಚಳ ತೆಗೆಯುವ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಹೆಣ್ಣು ಕೊಡುವವರ ಚಿಂತೆ ಮಾಡಿದ ಮನೆಯಲ್ಲಿ ಈ ಮಾತು ಯಾರ ಬಾಯಿಂದಲೂ ಬರಲಿಲ್ಲವಾದಕಾರಣ ನಾವೇ ಎತ್ತಿದೆವು.

ಹುಡುಗ ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಬರೆದುಕೊಂಡನು: ಒಳಗೆ ಯಾರೂ ಇಳಿಯತಕ್ಕದ್ದಲ್ಲ, ಕೊಳವೆ ಇಳಿಯಲಿ. ಒಬ್ಬನೇ ಕೆಲಸಕ್ಕೆ ಹೋಗತಕ್ಕದ್ದಲ್ಲ. ವಾಯುವನ್ನು ಅಳೆಯುವ ಉಪಕರಣ ಲಾರಿಯಲ್ಲಿರಲಿ. ಮುಂದೆ ಒಂದು ಹೋಟೆಲಿನವರು, ಆಳು ಇಳಿದು ಗೋಡೆ ಕೆರೆದುಕೊಡದಿದ್ದರೆ ಗುತ್ತಿಗೆ ಬೇಡವೆಂದರಂತೆ, ಬಿಟ್ಟುಬಂದನು.

ಇನ್ನು ತೆಗೆದ ಜಿಡ್ಡನ್ನು ಒಯ್ಯುವುದೆಲ್ಲಿಗೆ? ಕರಿದು ಮಿಕ್ಕ ಎಣ್ಣೆಗೆ ಬೆಲೆಯುಂಟು. ಅದನ್ನು ಕೂಡಿಸಿ ಜೈವಿಕ ಡೀಸೆಲ್ ಮಾಡಿಸುವ ಏರ್ಪಾಡನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಆರಂಭಿಸಿತು. ತೊಟ್ಟಿಯ ಜಿಡ್ಡಿಗೆ ಆ ಭಾಗ್ಯ ಸುಲಭವಲ್ಲ. ನೀರೂ ಗಸಿಯೂ ಹುಳಿತ ಕೊಬ್ಬಿನಾಮ್ಲಗಳೂ ಬೆರೆತ ಆ ಪದಾರ್ಥವನ್ನು ಸಂಸ್ಕರಣಾ ಘಟಕಕ್ಕೆ ಹಣ ಕೊಟ್ಟು ಒಪ್ಪಿಸಬೇಕಾಗುವುದೇ ಹೆಚ್ಚು. ಆದಕಾರಣ ತೀರ ಅಗ್ಗದ ದರ ಹೇಳುವವನ ಟ್ಯಾಂಕರು ರಾತ್ರಿ ಎಲ್ಲಿ ಬರಿದಾಗುವುದೆಂದು ವಾಚಕರು ಊಹಿಸಬಲ್ಲರು: ಮುಂದಿನ ಬೀದಿಯ ಮ್ಯಾನ್‌ಹೋಲು, ಇಲ್ಲವೇ ಊರಾಚೆಯ ಕೆರೆ. ನಮ್ಮವನ ದರ ಹೆಚ್ಚು. ತೆಗೆದ ದಿನ, ಪ್ರಮಾಣ, ಒಪ್ಪಿಸಿದ ಸ್ಥಳ ಇಷ್ಟನ್ನೂ ಬರೆದು ರಸೀತಿ ಕೊಡುತ್ತಾನೆ. ಕೆಲಸ ಬೇಡ, ರಸೀತಿಯಷ್ಟೇ ಸಾಕೆಂದು ಕೇಳಿದ ಸಜ್ಜನರೂ ಇದ್ದಾರೆ.

ಈಗ ಅವನಿಗೆ ಐದು ಹೋಟೆಲುಗಳಾಗಿವೆ. ಟ್ಯಾಂಕರಿನ ಸಾಲ ಇನ್ನೂ ತೀರಿಲ್ಲ. ಅವನ ತಾಯಿ ನೆಂಟರೊಡನೆ “ಲಾರಿ ವ್ಯವಹಾರ” ಎಂದಷ್ಟೇ ಹೇಳುತ್ತಾರೆ. ಆದರೂ ಕಳೆದ ಯುಗಾದಿಯಂದು ಒಬ್ಬಟ್ಟಿನ ಕಾವಲಿಯನ್ನು ನೀರಿಗಿಳಿಸುವ ಮೊದಲು ಅವರು ಹಳೆಯ ಕಾಗದದಿಂದ ಒರಸಿದುದನ್ನು ನಾವು ಕಂಡೆವು.